ಶರಣಪ್ಪನವರ ಕಣ್ಣು

ಯಾರಾದರೂ ನನ್ನ ಕೈಗೆ ಒಂದು ಫೋಟೋ ಕೊಟ್ಟರೆ ನಾನು ಸುಮ್ಮನಿರಲಾರೆ. ಇದೊಂದು ಕೆಟ್ಟ ಚಾಳಿ ಎಂಬುದು ನನಗೂ ಗೊತ್ತು. ನನ್ನ ಹೆಂಡತಿ ಶಾರದೆಗೆ ನನಗಿಂತ ಚೆನ್ನಾಗಿ ಗೊತ್ತು. ಉಳಿದವರು ಫೋಟೋ ಕೈಗೆ ಬಂದರೆ "ಇವರು ನಿಮಗೇನಾಗಬೇಕು?" ಎಂದು ಕೇಳುತ್ತಾರೆ. ಮದುವೆಯದಾದರೆ ಹುಡುಗನ ಮೂಗನ್ನೂ ಹುಡುಗಿಯ ಕೊರಳ ಸರವನ್ನೂ ನೋಡಿ, ಒಂದು ಒಳ್ಳೆಯ ಮಾತಾಡಿ, ಹಿಂದಕ್ಕೆ ಕೊಡುತ್ತಾರೆ. ನಾನು ಹಾಗಲ್ಲ. ಅದನ್ನು ಕಿಟಕಿಯ ಬೆಳಕಿಗೆ ಒಯ್ಯುತ್ತೇನೆ. ತೋಳುದ್ದ ದೂರ ಹಿಡಿಯುತ್ತೇನೆ, ಮೂಗಿಗೆ ತಾಗುವಷ್ಟು ಹತ್ತಿರ ತರುತ್ತೇನೆ. ಕೊಟ್ಟವರ ಎದೆ ಡವಡವ ಎನ್ನುವಷ್ಟು ಹೊತ್ತು ಬಾಯಿ ಮುಚ್ಚಿಕೊಂಡಿದ್ದು, ಆಮೇಲೆ "ಚಲೋ ಅದ, ಆದ್ರ..." ಎನ್ನುತ್ತೇನೆ. ಆ "ಆದ್ರ" ಎಂಬುದರ ಮುಂದೆ ಏನು ಬರುತ್ತದೆಂದು ನನಗೇ ಗೊತ್ತಿರುವುದಿಲ್ಲ. ಏನೋ ಒಂದು ಬಂದೇ ಬರುತ್ತದೆ.

ಈ ಅಧಿಕಾರ ನಿನಗೆ ಯಾರು ಕೊಟ್ಟರೆಂದು ನೀವು ಕೇಳಬಹುದು. ಹೈದರಾಬಾದಿನಲ್ಲಿ ಓದುವಾಗ ಮೂರು ವರ್ಷ ನಾನು ಒಂದು ಫೋಟೋ ಸ್ಟುಡಿಯೋದ ಮೇಲಿನ ಕೋಣೆಯಲ್ಲಿ ಬಾಡಿಗೆಗಿದ್ದೆ. ಅಷ್ಟೆ. ಕೆಳಗಿನ ಕತ್ತಲೆ ಕೋಣೆಯಲ್ಲಿ ಅವರು ಫೋಟೋ ತೊಳೆಯುವ ಔಷಧದ ವಾಸನೆ ನನ್ನ ಸಾರಿಗೂ ಹತ್ತುತ್ತಿತ್ತು. ಮೆಟ್ಟಿಲಿಳಿಯುವಾಗ ಸ್ಟುಡಿಯೋದ ಯಜಮಾನರು ಗಿರಾಕಿಗಳಿಗೆ "ಗರ್ದನ್ ಸೀದಾ ರಖಿಯೇ", ಎಂದರೆ ಕತ್ತು ನೆಟ್ಟಗಿಡಿ, ಎನ್ನುವುದು ಕಿವಿಗೆ ಬೀಳುತ್ತಿತ್ತು. ಕ್ಯಾಮೆರಾದ ಕರಿಬಟ್ಟೆಯೊಳಗೆ ಒಂದು ದಿನವೂ ತಲೆ ತೂರಿಸಿದವನಲ್ಲ. ಆದರೂ ಊರಿಗೆ ಬಂದಾಗ ನನ್ನ ಜೊತೆಗೆ ಆ ಸ್ಟುಡಿಯೋದ ವಿದ್ಯೆಯೂ ಬಂದಿದೆಯೆಂದು ಜನ ನಂಬಿದರು. ಜನ ನಂಬಿದ ಮೇಲೆ ನಾನೂ ನಂಬಿದೆ.

ಪೊಲೀಸ್ ಕಾರ್ಯಾಚರಣೆಯಾಗಿ ಹೈದರಾಬಾದಿನ ದೊರೆತನ ಹೋದ ಮರುವರ್ಷ ಮಸ್ಕಿಯ ಶಾಲೆಗೆ ಮಾಸ್ತರನಾಗಿ ಬಂದೆ. ಆಗ ಗೋಡೆಯಿಂದ ಹಳೆಯ ದೊರೆಯ ಫೋಟೋ ಇಳಿಸಿದ್ದರು; ಅದಿದ್ದ ಜಾಗದಲ್ಲಿ ಸುಣ್ಣ ಮಾಸದ ಒಂದು ಬೆಳ್ಳನೆಯ ಚೌಕ ಉಳಿದಿತ್ತು. ಅದೇ ಮೊಳೆಗೆ ಹೊಸ ನಾಯಕರ ಫೋಟೋ ತೂಗುಹಾಕಿದರು. ಅದು ಹಳೆಯದಕ್ಕಿಂತ ನಾಲ್ಕು ಬೆರಳು ಸಣ್ಣದು. ಹೊಸ ಸರಕಾರದ ಸುತ್ತಲೂ ಹಳೆಯ ಸರಕಾರದ ಅಂಚು ಕಾಣುತ್ತಿತ್ತು. ಹೆಡ್ ಮಾಸ್ತರರು ಕೆಳಗೆ ನಿಂತು "ಹೆಂಗ ಕಾಣತೈತಿ?" ಎಂದು ಎಲ್ಲರನ್ನೂ ಕೇಳಿದರು. ಎಲ್ಲರೂ "ಭಾಳ ಚಲೋರಿ" ಎಂದರು. ನಾನೊಬ್ಬ "ಚಲೋ ಅದರಿ, ಆದ್ರ..." ಎಂದೆ. ಮರುದಿನ ಇಡೀ ಗೋಡೆಗೆ ಸುಣ್ಣ ಹೊಡೆಸಿದರು. ನನ್ನ ಸಲಹೆಯಿಂದ ಪ್ರಪಂಚದಲ್ಲಿ ಆದ ಮೊದಲ ಸುಧಾರಣೆ ಅದು. ಕೊನೆಯದೂ ಅದೇ ಇರಬೇಕು.

ಆ ಸುದ್ದಿ ಹೇಗೋ ಸಿಂಧನೂರಿನ ವಿರುಪಣ್ಣನಿಗೆ ಮುಟ್ಟಿತು. ವಿರುಪಣ್ಣ ಫೋಟೋ ತೆಗೆಯುವವನು. ಸಿಂಧನೂರಿನ ಬಜಾರದಲ್ಲಿ ಒಂದು ಕೋಣೆ, ಮಾಳಿಗೆಯಲ್ಲಿ ಬೆಳಕಿಗೆಂದು ಬಿಟ್ಟ ದೊಡ್ಡ ಕಿಂಡಿ, ಅದಕ್ಕೆ ಕಟ್ಟಿದ ಬಿಳಿ ಧೋತರ, ಹಿಂದೆ ಹಂಸ ಮತ್ತು ಕಾರಂಜಿ ಬರೆದ ಪರದೆ. ಸಂತೆಯ ದಿನಗಳಲ್ಲಿ ಮೂರು ಕಾಲಿನ ಕ್ಯಾಮೆರಾ ಹೊತ್ತುಕೊಂಡು ಬಸ್ಸಿನಲ್ಲಿ ಮಸ್ಕಿಗೂ ಲಿಂಗಸುಗೂರಿಗೂ ಬರುತ್ತಿದ್ದ. ಅವನದು ಚಿತ್ರಗಾರರ ಮನೆತನ. ಅವನ ಅಪ್ಪ, ಅಜ್ಜ ಎಲ್ಲರೂ ಸುತ್ತಲಿನ ಊರುಗಳ ಗ್ರಾಮದೇವತೆಯರಿಗೆ ಬಣ್ಣ ಬಳಿದು ಬಾಳಿದವರು. ಇವನಿಗೆ ಮಾತ್ರ ಹಣೆಯಲ್ಲಿ ಮನುಷ್ಯರ ಮುಖ ಬರೆದಿತ್ತು.

ವಿರುಪಣ್ಣ ತೆಗೆದ ಫೋಟೋಗಳನ್ನೆಲ್ಲ ತಂದು ನನಗೆ ತೋರಿಸತೊಡಗಿದ. ಮೊದಲ ಸಲ ನಾನು, "ಚಲೋ ಅದಾವ, ಆದ್ರ ತಲಿ ಮ್ಯಾಲ ಒಂದೀಟು ಜಾಗ ಬಿಡಬೇಕಪ್ಪ. ರುಮಾಲು ಹೋಗಿ ಚೌಕಟ್ಟಿಗೆ ಬಡಿಯಾಕತ್ತೈತಿ" ಎಂದೆ. ಮುಂದಿನ ವಾರ ಅವನು ಜವಳಗೇರಾದ ಗೌಡರೊಬ್ಬರ ಫೋಟೋ ತಂದ. ಕೆಳಗೆ, ತಟ್ಟೆಯ ಅಂಚಿನಲ್ಲಿ ಉಳಿದ ಚಟ್ನಿಯ ಹಾಗೆ, ಗೌಡರು ಎದೆಯಿಂದ ಮೇಲಷ್ಟೇ ಇದ್ದರು. ಉಳಿದದ್ದೆಲ್ಲ ಆಕಾಶ. ಇನ್ನೊಮ್ಮೆ, "ಎಲ್ಲಾರ ಕೈ ಖಾಲಿ ಇರತಾವ. ಕೈಯಾಗ ಏನಾರ ಕೊಡು, ಜೀವ ಬರತೈತಿ" ಎಂದು ಹೇಳಿ, ನನ್ನ ಹತ್ತಿರವೇ ಬಿದ್ದಿದ್ದ ಐದನೆಯ ಜಮಾತಿನ ಒಂದು ಭೂಗೋಳದ ಪುಸ್ತಕವನ್ನು ಉದಾರವಾಗಿ ಕೊಟ್ಟುಬಿಟ್ಟೆ. ಆಮೇಲಿನ ಐದಾರು ವರ್ಷ ಸಿಂಧನೂರು ಸೀಮೆಯಲ್ಲಿ ಭೂಗೋಳ ಹಿಡಿಯದೆ ಯಾರೂ ಫೋಟೋಕ್ಕೆ ಕುಳಿತಿಲ್ಲ. ಹೊಸ ಮದುಮಕ್ಕಳು ಅದನ್ನು ಆಚೆ ಈಚೆ ಹಿಡಿದುಕೊಂಡಿದ್ದಾರೆ. ಬಳಗಾನೂರಿನ ಪೈಲವಾನನೊಬ್ಬ ಲಂಗೋಟಿ ಕಟ್ಟಿ, ತೊಡೆ ತಟ್ಟುವ ಕೈಯಲ್ಲಿ ಅದನ್ನೇ ಹಿಡಿದು ನಿಂತಿದ್ದಾನೆ. ದಢೇಸುಗೂರಿನ ಅಜ್ಜಿಯೊಬ್ಬಳ ಕೈಯಲ್ಲಿ ಅದು ತಲೆಕೆಳಗಾಗಿದೆ. ಆಕೆ ಮಾತ್ರ ಪ್ರಪಂಚವನ್ನೆಲ್ಲ ಓದಿ ಮುಗಿಸಿದವಳ ಹಾಗೆ ನೋಡುತ್ತಿದ್ದಾಳೆ. ವಿರುಪಣ್ಣ ನನ್ನ ಮಾತನ್ನು ಎಂದೂ ಮೀರಿದವನಲ್ಲ. ಅವನ ತಪ್ಪೆಂದರೆ ಅದನ್ನು ಪೂರ್ತಿ ಪಾಲಿಸುತ್ತಿದ್ದುದೇ.

ಇಷ್ಟು ಹೇಳಿ ನಗಿಸಿದ ಮೇಲೆ, ನನಗೆ ನಗು ಬಾರದ ಒಂದು ಸಂಗತಿಯನ್ನೂ ಹೇಳಬೇಕು.

ಮಸ್ಕಿಯಲ್ಲಿ ನಮ್ಮ ಎದುರು ಮನೆಯವರು ಶರಣಪ್ಪ, ನೀಲಮ್ಮ. ಶರಣಪ್ಪನವರು ಹತ್ತಿ, ಜೋಳ ಬೆಳೆಯುವ ಒಕ್ಕಲುತನದವರು. ಬೆಳಗಿನಿಂದ ಸಂಜೆಯವರೆಗೆ ಹೊಲದ ಧ್ಯಾನ. ಒಬ್ಬಳೇ ಮಗಳನ್ನು ಲಿಂಗಸುಗೂರಿಗೆ ಕೊಟ್ಟಿದ್ದರು. ಆ ಮದುವೆಯ ಗುಂಪಿನ ಫೋಟೋದಲ್ಲಿ ಹೆಣ್ಣಿನ ತಂದೆಯಾದ ಶರಣಪ್ಪನವರು ನಟ್ಟನಡುವೆ ಕುಳಿತಿದ್ದಾರೆ. ಆದರೆ ಫೋಟೋ ತೆಗೆಯುವ ಹೊತ್ತಿಗೆ ಸರಿಯಾಗಿ ಅಡುಗೆಯವರ ಕಡೆಗೆ ತಿರುಗಿ ಏನನ್ನೋ ಕೂಗಿದ್ದರು. ಹೀಗಾಗಿ ಅದರಲ್ಲಿ ಅವರ ರುಮಾಲು ಇದೆ, ಒಂದು ಕಿವಿ ಇದೆ. ಮುಖವಿಲ್ಲ.

ಮಗಳ ಮನೆಗೆ ಹೋದಾಗ ನೀಲಮ್ಮ ಬೀಗರ ಪಡಸಾಲೆಯಲ್ಲಿ ಗಂಡ ಹೆಂಡತಿ ಒಟ್ಟಿಗೆ ಕುಳಿತ ಒಂದು ಫೋಟೋ ನೋಡಿ ಬಂದಳು. ಅಂಥದೊಂದು ತಮ್ಮದೂ ಆಗಬೇಕೆಂದು ಅವಳಿಗೆ ಆಸೆಯಾಯಿತು. ಮೂವತ್ತೈದು ವರ್ಷದ ಸಂಸಾರದಲ್ಲಿ ಅವಳು ಬಾಯಿಬಿಟ್ಟು ಕೇಳಿದ್ದು ಅದೊಂದನ್ನೇ ಎಂದು ಶಾರದೆ ಹೇಳುತ್ತಿದ್ದಳು. ಶರಣಪ್ಪನವರು ಎರಡು ವರ್ಷ ಇವತ್ತು ನಾಳೆ ಎಂದರು. ಕೊನೆಗೆ ಒಂದು ಬೇಸಗೆಯ ಸಂತೆಯ ದಿನ, ಏನು ಮನಸ್ಸಾಯಿತೋ, ವಿರುಪಣ್ಣನನ್ನು ಕರೆಸಿ, ಮನೆಯ ಮುಂದೆ ಕುರ್ಚಿ ಹಾಕಿಸಿ ಕುಳಿತೇಬಿಟ್ಟರು. ಪಕ್ಕದಲ್ಲಿ ನೀಲಮ್ಮ ಇಳಕಲ್ ಸೀರೆಯುಟ್ಟು ನಿಂತಿದ್ದಳು. ಶರಣಪ್ಪನವರ ತೊಡೆಯ ಮೇಲೆ ಭೂಗೋಳವಿತ್ತು. ವಿರುಪಣ್ಣ ಕರಿಬಟ್ಟೆಯೊಳಗೆ ತಲೆ ಹಾಕಿದ್ದ.

ನಾನು ಊಟಕ್ಕೆಂದು ಶಾಲೆಯಿಂದ ಬಂದದ್ದು ಆಗಲೇ. ಊಟಕ್ಕೆ ಬಂದವನು ಊಟ ಮಾಡಬೇಕಿತ್ತು. ಆದರೆ ನೆತ್ತಿಯ ಮೇಲೆ ಸೂರ್ಯನಿದ್ದ. ರುಮಾಲಿನ ನೆರಳು ಶರಣಪ್ಪನವರ ಅರ್ಧ ಮುಖದ ಮೇಲೆ ಬಿದ್ದಿತ್ತು. ಕಂಡದ್ದು ಕಂಡ ಮೇಲೆ ನನ್ನಂಥವನು ಸುಮ್ಮನಿರುವುದುಂಟೆ?

"ವಿರುಪಣ್ಣಾ, ಈ ಬಿಸಿಲಾಗ ತಗದ್ರ ಕಣ್ಣ ಕಾಣಂಗಿಲ್ಲೋ. ಎರಡು ಕುಣಿ ತೋಡಿದಂಗ ಆಗತಾವ. ಬಿಸಿಲು ಇಳದ ಮ್ಯಾಲ ತಗಿ, ಇಲ್ಲಾಂದ್ರ ಮುಂಜಾನಿ ತಗಿ" ಎಂದೆ.

ಶರಣಪ್ಪನವರು ಆ ಮಾತಿಗೇ ಕಾಯುತ್ತಿದ್ದವರ ಹಾಗೆ ಎದ್ದರು. "ನೋಡು, ತಿಳದ ಮಾಸ್ತರ್ರ ಬ್ಯಾಡ ಅಂದ್ರು" ಎಂದು ಹೆಂಡತಿಗೆ ಹೇಳಿ, ಭೂಗೋಳವನ್ನು ಕುರ್ಚಿಯ ಮೇಲಿಟ್ಟು, ಬಾರುಕೋಲು ತೆಗೆದುಕೊಂಡು ಹೊಲಕ್ಕೆ ಹೋದರು. ನೀಲಮ್ಮ ಒಂದು ಗಳಿಗೆ ಆ ಕುರ್ಚಿಯ ಪಕ್ಕ ಹಾಗೇ ನಿಂತಿದ್ದಳು. ಆಮೇಲೆ ನನ್ನ ಕಡೆ ನೋಡಿ, "ಇರ್ಲಿ ಬಿಡ್ರಿ, ಚಲೋ ಬರ್ಲಂತನ ಹೇಳೀರಿ" ಎಂದು ಒಳಗೆ ಹೋದಳು. ನಾನು ಮನೆಗೆ ಬಂದು, ಒಂದು ಫೋಟೋವನ್ನು ಕೆಡದಂತೆ ಉಳಿಸಿದೆನೆಂಬ ತೃಪ್ತಿಯಲ್ಲಿ ಎರಡು ರೊಟ್ಟಿ ಹೆಚ್ಚಿಗೆ ತಿಂದೆ.

ಮುಂದಿನ ಸಂತೆಗೆ ಎತ್ತಿಗೆ ಮೈಯಲ್ಲಿ ಸರಿಯಿರಲಿಲ್ಲ. ಅದರ ಮುಂದಿನ ಸಂತೆಗೆ ವಿರುಪಣ್ಣ ಬರಲಿಲ್ಲ. ಆಮೇಲೆ ಮಳೆ ಬಿದ್ದು ಬಿತ್ತಿಗೆ ಶುರುವಾಯಿತು. ಬಿತ್ತುವ ಒಕ್ಕಲಿಗನನ್ನು ಕುರ್ಚಿಯ ಮೇಲೆ ಕೂಡಿಸುವವರು ಯಾರು? ಬಿತ್ತಿಗೆ ಮುಗಿದ ಎಂಟು ದಿನಕ್ಕೆ ಶರಣಪ್ಪನವರಿಗೆ ಎದೆನೋವು ಬಂತು. ಎರಡೇ ದಿನ. ಹೋಗಿಬಿಟ್ಟರು.

ನಮ್ಮ ಕಡೆ ಲಿಂಗವಂತರಲ್ಲಿ ಹೋದವರನ್ನು ಮಲಗಿಸುವುದಿಲ್ಲ. ಮೀಯಿಸಿ, ವಿಭೂತಿ ಧರಿಸಿ, ಹೂವಿನ ಹಾರ ಹಾಕಿ, ಗೋಡೆಗೆ ಆನಿಸಿ ಕೂಡಿಸುತ್ತಾರೆ. ಆವತ್ತು ಶರಣಪ್ಪನವರು ತಮ್ಮ ಆಯುಷ್ಯದಲ್ಲಿ ಮೊದಲ ಸಲ ಅಲುಗಾಡದೆ ಕುಳಿತಿದ್ದರು. ಅವರ ತಮ್ಮ ಚನ್ನಬಸಪ್ಪ ಸಿಂಧನೂರಿಗೆ ಆಳು ಓಡಿಸಿ ವಿರುಪಣ್ಣನನ್ನು ಕರೆಸಿದ. ವಿರುಪಣ್ಣನ ಹತ್ತಿರ ಉಳಿದದ್ದು ಫೋಟೋ ಮೂಡಿಸುವ ಒಂದೇ ಗಾಜಿನ ಪ್ಲೇಟು. ಅದರಲ್ಲೇ ತೆಗೆದ. ನಾನು ಜನರ ನಡುವೆ ನಿಂತಿದ್ದೆ. ಬೆಳಕು ಸರಿಯಿತ್ತೋ ಇಲ್ಲವೋ ನನಗೆ ತಿಳಿಯದು. ಬಿಸಿಲು ಇಳಿದಿತ್ತು, ಅದಷ್ಟು ನೆನಪಿದೆ.

ವರ್ಷ ತುಂಬುತ್ತ ಬಂತು. ಪುಣ್ಯತಿಥಿಗೆ ಇನ್ನೊಂದು ತಿಂಗಳಿರುವಾಗ ಒಂದು ಸಂಜೆ ನೀಲಮ್ಮ ನಮ್ಮ ಮನೆಗೆ ಬಂದಳು. ಬಟ್ಟೆಯಲ್ಲಿ ಸುತ್ತಿದ ಒಂದು ಫೋಟೋವನ್ನು ನನ್ನ ಕೈಗಿಟ್ಟಳು. ಅಭ್ಯಾಸಬಲದಿಂದ ಅದನ್ನು ಕಿಟಕಿಯ ಹತ್ತಿರ ಒಯ್ದೆ. ಬಿಚ್ಚಿ ನೋಡಿದವನು ನನಗೆ ಅರಿವಿಲ್ಲದೆ ಕೈ ಮುಗಿದುಬಿಟ್ಟೆ.

ಕಣ್ಣು ಮುಚ್ಚಿದ ಫೋಟೋಕ್ಕೆ ಪೂಜೆ ಮಾಡುವುದು ಹೇಗೆಂದು ಚನ್ನಬಸಪ್ಪ, ಕಣ್ಣು ತೆರೆದ ಹಾಗೆ ಬರೆಯಲು ವಿರುಪಣ್ಣನಿಗೆ ಹೇಳಿದ್ದನಂತೆ. ವಿರುಪಣ್ಣ ಕುಂಚ ಹಿಡಿದು ಬರೆದಿದ್ದ. ಬಿಳಿ ರುಮಾಲು, ವಿಭೂತಿ, ನೆರೆತ ಮೀಸೆ ಎಲ್ಲವೂ ಶರಣಪ್ಪನವರದು. ಅದರ ನಡುವೆ ಕಿವಿಯವರೆಗೆ ಎಳೆದ ಎರಡು ಕಣ್ಣು, ಹೊಳೆಯುವ ಗುಡ್ಡೆ, ತುದಿಯಲ್ಲಿ ಒಂದಿಷ್ಟು ಕೆಂಪು ಬೇರೆ. ಅವು ಸಾಕ್ಷಾತ್ ಗ್ರಾಮದೇವತೆ ದ್ಯಾಮವ್ವನ ಕಣ್ಣು. ಲಿಂಗಸುಗೂರಿನಿಂದ ಬಂದ ಮಗಳು ಇದನ್ನು ನೋಡಿ ಅಳುವುದನ್ನು ಬಿಟ್ಟು ಹೆದರಿದಳಂತೆ. ಹಾಲು ತರುವವಳು ಒಳಗೆ ಬಂದವಳು, ದೇವರ ಪಟ ಯಾವಾಗ ತಂದಿರೆಂದು ಕೇಳಿದಳಂತೆ.

"ಮಾಸ್ತರ್ರೀ, ಮೈಯೆಲ್ಲಾ ಅವ್ರದ ಐತಿ. ನೋಡೂದು ಅವ್ರದಲ್ಲ" ಎಂದಳು ನೀಲಮ್ಮ. "ಆವತ್ತು ಈ ಬಿಸಿಲು ಬ್ಯಾಡ ಅಂದವ್ರು ನೀವು. ಸಿಟ್ಟಿಲೆ ಅನ್ನಾಕತ್ತಿಲ್ಲ ನಾ. ನನಗ ಅವ್ರದು ಅಂತ ಇರೂದು ಇದೊಂದ. ಪುಣ್ಯತಿಥಿಗೆ ಗ್ವಾಡಿಗೆ ಹಾಕಬೇಕು. ನೀವ ಏನಾರ ಒಂದು ದಾರಿ ಹೇಳ್ರಿ."

ಅಷ್ಟು ಹೇಳಿ ಹೋದಳು. ನನ್ನ ಸಲಹೆಯನ್ನು ಒಬ್ಬರು ನಿಜವಾಗಿ ಕೇಳಿದ್ದು ಅದೇ ಮೊದಲು. ನನ್ನ ಬಾಯಲ್ಲಿ ಒಂದು "ಆದ್ರ" ಕೂಡ ಬರಲಿಲ್ಲ.

ಮರುದಿನ ರವಿವಾರ. ಬಸ್ಸು ಹಿಡಿದು ಸಿಂಧನೂರಿಗೆ ಹೋದೆ. ದಾರಿಯುದ್ದಕ್ಕೂ ಬಯ್ಯುವ ಮಾತುಗಳನ್ನು ಜೋಡಿಸಿಕೊಂಡಿದ್ದೆ. ವಿರುಪಣ್ಣ ಎಲ್ಲವನ್ನೂ ತಾಳ್ಮೆಯಿಂದ ಕೇಳಿ, "ನಾ ಏನ ಮಾಡ್ಲಿರಿ ಮಾಸ್ತರ್ರ? ನನಗ ಬರಿಯಾಕ ಬರೂದು ಅದೊಂದ ಕಣ್ಣು. ನಮ್ಮಪ್ಪ ಕಲಿಸಿದ್ದು ಅದನ್ನ" ಎಂದ.

ಅವನು ಹೇಳಿದ್ದು ನಿಜ. ದೇವಿಗೆ ಬಣ್ಣ ಬಳಿಯುವಾಗ ಕಣ್ಣು ಕಟ್ಟಕಡೆಯದು. ಸೀರೆ, ಬಳೆ, ಮೂಗುತಿ ಎಲ್ಲ ಮುಗಿದು, ಪೂಜೆಯಾಗಿ, ಉಳಿದವರನ್ನು ಹೊರಗೆ ಕಳಿಸಿ, ಚಿತ್ರಗಾರನೊಬ್ಬನೇ ಒಳಗಿದ್ದು ಕಣ್ಣಿನ ಬೊಟ್ಟು ಇಡುತ್ತಾನೆ. ಆ ಮೊದಲ ನೋಟಕ್ಕೆ ಎದುರಾಗಬಾರದೆಂದು ಕನ್ನಡಿಯಲ್ಲಿ ನೋಡಿಕೊಂಡು ಇಡುವವರೂ ಉಂಟಂತೆ. ಅಂದರೆ ಕಣ್ಣು ಬರೆಯುವ ಮನೆತನದವರೇ ಕಣ್ಣನ್ನು ನೇರ ನೋಡಿದವರಲ್ಲ. ದೇವಿಯದಾದರೆ ಅದು ನಡೆಯುತ್ತದೆ. ಆಕೆಯ ಕಣ್ಣು ಹೀಗಿರಲಿಲ್ಲ ಎಂದು ಹೇಳಲು ಯಾರೂ ಬರುವುದಿಲ್ಲ. ನಮ್ಮ ಮಸ್ಕಿಯ ಗುಡ್ಡದ ಬಂಡೆಯ ಮೇಲೆ ಹಳೆಯ ಚಕ್ರವರ್ತಿಯೊಬ್ಬ ತನ್ನ ಹೆಸರನ್ನೂ ಮಾತನ್ನೂ ಕೊರೆಸಿ, ಮುಖದ ಗೊಡವೆಗೇ ಹೋಗಿಲ್ಲ. ಎಂಥ ಜಾಣ! ಎರಡು ಸಾವಿರ ವರ್ಷಗಳಿಂದ ಯಾರೊಬ್ಬರೂ ಅವನ ಬಗ್ಗೆ "ಚಲೋ ಅದ, ಆದ್ರ..." ಎಂದಿಲ್ಲ.

ಕೊನೆಗೆ ನಾನೇ ಒಂದು ಉಪಾಯ ಹೇಳಿದೆ. ಪ್ಲೇಟು ಹೇಗೂ ಇದೆ. ಅದರಿಂದ ಕಣ್ಣು ಬರೆಯದ ಐದಾರು ಪ್ರತಿ ತೆಗೆದುಕೊಂಡು ಮಸ್ಕಿಗೆ ಬಾ. ಶರಣಪ್ಪನವರನ್ನು ಬಲ್ಲವರನ್ನೆಲ್ಲ ಕೂಡಿಸೋಣ. ಅವರು ಹೇಳಿದಂತೆ ಬರೆ. ನೋಡಿ, ಒಬ್ಬನ ಸಲಹೆಯಿಂದ ಕೆಟ್ಟದ್ದನ್ನು ಹತ್ತು ಜನರ ಸಲಹೆಯಿಂದ ಸರಿಪಡಿಸಬಹುದೆಂದು ನನಗೆ ಇನ್ನೂ ನಂಬಿಕೆಯಿತ್ತು.

ಸಂತೆಯ ದಿನ ನೀಲಮ್ಮನ ಪಡಸಾಲೆಯಲ್ಲಿ ಸಭೆ ಸೇರಿತು. ವಿರುಪಣ್ಣ ಕಂಬಳಿಯ ಮೇಲೆ ಕುಳಿತು ಕುಂಚ, ಮಸಿ, ಬಿಳಿ ಬಣ್ಣ ಹರವಿಕೊಂಡ. ತಮ್ಮ ಚನ್ನಬಸಪ್ಪ ಮೊದಲು ಬಾಯಿ ಹಾಕಿದ. "ಇದಕ್ಯಾಕ ಇಷ್ಟು ತಲಿ ಕೆಡಿಸ್ಕೊಂತೀರಿ? ನಮ್ಮಣ್ಣಂದು ನನ್ನಂಗ ಇದ್ದುವು. ನನ್ನ ನೋಡಿ ಬರಿ" ಎಂದ. ವಿರುಪಣ್ಣ ನೋಡಿ ಬರೆದ. ಚನ್ನಬಸಪ್ಪನೇ ಅಣ್ಣನ ರುಮಾಲು ಸುತ್ತಿಕೊಂಡು, ಅಣ್ಣನ ಮೀಸೆ ಹಚ್ಚಿಕೊಂಡು ಕುಳಿತಂತಾಯಿತು. ಚನ್ನಬಸಪ್ಪನೊಬ್ಬನಿಗೆ ಅದು ಬಹಳ ಹಿಡಿಸಿತು.

ಕ್ಷೌರದ ಬಸಣ್ಣನ ಮೇಲೆ ನನಗೆ ದೊಡ್ಡ ಭರವಸೆಯಿತ್ತು. ಇಪ್ಪತ್ತು ವರ್ಷ ವಾರಕ್ಕೊಮ್ಮೆ ಆ ಮುಖವನ್ನು ಕೈಯಲ್ಲಿ ಹಿಡಿದವನು ಅವನು. ಬಸಣ್ಣ ಫೋಟೋವನ್ನು ಬಹಳ ಹೊತ್ತು ನೋಡಿದ.

"ಗದ್ದ ಕೇಳ್ರಿ, ಹೇಳ್ತೀನಿ. ಗಲ್ಲದ ಮ್ಯಾಲಿನ ಸುಳಿ ಕೇಳ್ರಿ, ಹೇಳ್ತೀನಿ. ಕಣ್ಣು ಹೆಂಗ ಹೇಳ್ಲಿ? ನನ್ನ ಕೈಯಾಗ ಕತ್ತಿ ನೋಡಿದ ಕೂಡ್ಲೆ ಗಪ್ಪನ ಮುಚ್ಚತಿದ್ರು. ಆದ್ರ ಬಲಗಡೆ ಹುಬ್ಬಿನಾಗ ಒಂದು ಕೂದಲು ಉದ್ದ ಇತ್ತು. ಅದನ್ನ ಕತ್ತರಸಾಕ ಒಂದಿನಾನೂ ಬಿಡ್ಲಿಲ್ಲ. ಅದನ್ನ ಬರದಿಲ್ಲ ಇವ" ಎಂದ.

ಆಮೇಲೆ ಎಲ್ಲರೂ ನನ್ನ ಕಡೆ ತಿರುಗಿದರು. ನಾನು ಗಂಟಲು ಸರಿಪಡಿಸಿಕೊಂಡು, "ಒಂದೀಟು ಕಂದು ಬಣ್ಣ ಇದ್ದಂಗ..." ಎಂದೆ. ನೀಲಮ್ಮನ ಹಿಂದೆ ಕುಳಿತಿದ್ದ ಶಾರದೆ ಮೆಲ್ಲಗೆ, "ನಿಮಗ್ಯಾವಾಗ ಕಂಡಿದ್ವು?" ಎಂದಳು.

ನಿಜವಾಗಿ, ಯಾವಾಗ ಕಂಡಿದ್ದವು? ನಾಲ್ಕು ವರ್ಷ ದಿನಬೆಳಗಾದರೆ ಎದುರು ಮನೆಯ ಮನುಷ್ಯ. ಅವರ ಚಪ್ಪಲಿಯ ಸಪ್ಪಳ ಗೊತ್ತು, ಕೆಮ್ಮು ಗೊತ್ತು, ಎತ್ತನ್ನು ಹೆಸರು ಹಿಡಿದು ಬಯ್ಯುವ ರೀತಿ ಗೊತ್ತು. ಕಣ್ಣು ಗೊತ್ತಿಲ್ಲ. ಬಿಸಿಲಿನಲ್ಲಿ ಅವರ ಕಣ್ಣು ಕಾಣುವುದಿಲ್ಲವೆಂದು ಓಣಿಗೆಲ್ಲ ಕೇಳುವ ಹಾಗೆ ಹೇಳಿದವನು ನಾನು. ನೆರಳಿನಲ್ಲಿಯೂ ಒಂದು ದಿನ ಅವುಗಳನ್ನು ನೋಡಿರಲಿಲ್ಲ. ನನಗೆ ಆಗ ಆದ ನಾಚಿಕೆಯನ್ನು ಈಗ ಬರೆಯುವಾಗಲೂ ಮುಚ್ಚಿಡಲಾರೆ.

ಇಷ್ಟರಲ್ಲಿ ಅವರಿವರು ಹೇಳಿದಂತೆ ಬರೆದು ನಾಲ್ಕು ಪ್ರತಿಗಳು ಕೆಟ್ಟಿದ್ದವು. ಒಂದರಲ್ಲಿ ಶರಣಪ್ಪನವರು ಏನನ್ನೋ ಕಳೆದುಕೊಂಡವರ ಹಾಗಿದ್ದರು, ಇನ್ನೊಂದರಲ್ಲಿ ಯಾರನ್ನೋ ಹಿಡಿದವರ ಹಾಗಿದ್ದರು. ವಿರುಪಣ್ಣನಿಗೆ ಬೆವರು ಬಂದಿತ್ತು. ಕುಂಚವನ್ನು ಕೆಳಗಿಟ್ಟು, ಮೊದಲೇ ಕೇಳಬೇಕಾದವರನ್ನು ಅವನು ಕಡೆಗೆ ಕೇಳಿದ. "ಅವ್ವಾರ, ನೀವ ಹೇಳ್ರಿ. ನಿಮಗಿಂತ ಯಾರು ನೋಡ್ಯಾರ?"

ನೀಲಮ್ಮ ಸೆರಗನ್ನು ಸರಿಮಾಡಿಕೊಂಡಳು. "ನಾ ಎಲ್ಲಿ ನೋಡೀನೋ ತಮ್ಮಾ?" ಎಂದಳು. "ಅತ್ತಿ ಇರೂತನಕ ತಲಿ ಮ್ಯಾಲೆತ್ತಿಲ್ಲ. ಅತ್ತಿ ಹೋದ ಮ್ಯಾಲ ಮಗಳು ದೊಡ್ಡಾಕಿ ಆಗಿದ್ಲು. ಆಮ್ಯಾಗ ಅಳಿಯ, ಬೀಗರು, ಬರೂ ಮಂದಿ. ಅವ್ರು ನನ್ನ ಕಡೆ ನೋಡಿದ್ರ ನಾ ಒಲಿ ಕಡೆ ನೋಡ್ತಿದ್ದೆ. ನಾ ಅವ್ರ ಕಡೆ ನೋಡೂದ್ರಾಗ ಅವ್ರು ಎತ್ತಿನ ಕಡೆ ನೋಡ್ತಿದ್ರು."

ಬಸಣ್ಣ ನೆಲ ನೋಡಿದ. ನಾನು ಕಂಬ ನೋಡಿದೆ. ನೀಲಮ್ಮನ ಕಣ್ಣು ವಿರುಪಣ್ಣನ ಚೀಲದ ಮೇಲೆ ಹೋಯಿತು. ಅದರೊಳಗಿಂದ ಕೊನೆಯ ಪ್ರತಿಯ ಅಂಚು ಹೊರಗೆ ಇಣುಕಿತ್ತು.

"ಅದ್ಯಾವುದು?"

"ಅದಕ್ಕಿನ್ನಾ ಕಣ್ಣು ಬರದಿಲ್ರಿ."

"ತಾ ಇಲ್ಲಿ."

ಅದನ್ನು ಮಡಿಲಲ್ಲಿಟ್ಟುಕೊಂಡು ನೋಡಿದಳು. ಯಾರ ಕುಂಚವೂ ತಾಗದ ಮುಖ. ರುಮಾಲು ತುಸು ವಾಲಿದೆ, ಮುಚ್ಚಿದ ರೆಪ್ಪೆ, ಗೋಡೆಗೆ ಆನಿಸಿದ ತಲೆ. ನೀಲಮ್ಮನ ಮುಖ ಮೆಲ್ಲಗೆ ಅರಳಿತು. ನಾವೆಲ್ಲ ಅಲ್ಲಿದ್ದೇವೆಂಬುದನ್ನು ಮರೆತು ತನ್ನಷ್ಟಕ್ಕೆ ಮಾತಾಡಿದಳು.

"ಇದು ಗುರುತು ಐತಿ. ಹೊಲದಿಂದ ಬಂದು ಉಂಡ ಮ್ಯಾಲ ಆ ಕಂಬಕ್ಕ ಆನಿಕೊಂಡು ಹಿಂಗ ಕಣ್ಣು ಮುಚ್ಚತಿದ್ರು. ನಾ ಬಾಜೂಕ ಕುಂತು ನೊಣ ಹೊಡಿತಿದ್ದೆ. ಆವಾಗ ನೋಡೀನಿ ನೋಡ್ರಿ, ಹೊಟ್ಟಿ ತುಂಬ ನೋಡೀನಿ."

ಚನ್ನಬಸಪ್ಪ ಅತ್ತಿಗೆಯ ಮಾತು ಒಪ್ಪಲಿಲ್ಲ. "ವೈನೀ, ಕಣ್ಣು ಮುಚ್ಚಿದ್ದು ಗ್ವಾಡಿಗೆ ಹಾಕಿದ್ರ ಮಂದಿ ಏನಂದಾರು?"

"ಅನ್ಲಿ. ಕಣ್ಣು ತಗದ್ರ ಅವ್ರು ಎಲ್ಲಾರಿಗೂ ಬೇಕಾದವ್ರು. ಹೊಲಕ್ಕ ಬೇಕು, ಎತ್ತಿಗೆ ಬೇಕು, ಊರಿಗೆ ಬೇಕು" ಎಂದಳು ನೀಲಮ್ಮ. "ಮುಚ್ಚಿದಾಗಷ್ಟ ನನ್ನವ್ರು. ಇದನ್ನ ಹಾಕ್ತೀನಿ."

ಏಳುವ ಮುಂಚೆ ನೀಲಮ್ಮ ಬಸಣ್ಣನ ಕಡೆ ನೋಡಿ, ಆ ಹುಬ್ಬಿನ ಕೂದಲಿದ್ದದ್ದು ನಿಜ, ಅದನ್ನು ಮಾತ್ರ ಬರೆಸಬೇಕು ಎಂದಳು. ವಿರುಪಣ್ಣ ಉಸಿರು ಹಿಡಿದು ಬಲಹುಬ್ಬಿನ ಮೇಲೆ ಒಂದು ಗೆರೆ ಎಳೆದ. ಆವತ್ತಿನ ಸಭೆಯಲ್ಲಿ ಮಂಡನೆಯಾದ ಅಷ್ಟೂ ಸಲಹೆಗಳಲ್ಲಿ ಒಪ್ಪಿಗೆಯಾದದ್ದು ಕ್ಷೌರಿಕನದೊಂದೇ. ಅವನೊಬ್ಬನೇ ತಾನು ಕಂಡದ್ದನ್ನು ಹೇಳಿದ್ದ.

ಪುಣ್ಯತಿಥಿಯ ದಿನ ಆ ಫೋಟೋಕ್ಕೆ ಹೂವಿನ ಹಾರ ಬಿತ್ತು. ಬಂದವರಲ್ಲಿ ಕೆಲವರು ಕಣ್ಣು ತೆರೆಸಬೇಕಿತ್ತು ಎಂದರು. ಒಬ್ಬರಂತೂ ನನ್ನ ಭುಜ ಮುಟ್ಟಿ, "ಮಾಸ್ತರ್ರ, ನೀವ ಇದ್ದು ಹಿಂಗಾತಲ್ರಿ" ಎಂದರು. ನಾನು ಹೋಳಿಗೆ ತಿನ್ನುತ್ತ ಸುಮ್ಮನಿದ್ದೆ. ಅದು ನನಗೆ ಎಷ್ಟು ಕಷ್ಟವಾಯಿತೆಂಬುದು ನಿಮಗೆ ತಿಳಿಯಲಾರದು.

ಮನೆಗೆ ಬಂದ ಮೇಲೆ ಶಾರದೆ ಮೊರ ಹಿಡಿದು ಜೋಳ ಹಸನು ಮಾಡುತ್ತಿದ್ದಳು. ನನಗೆ ಒಂದು ಭಯ ಹತ್ತಿತ್ತು. ಅವಳೆದುರು ಕುಳಿತು, ಗಟ್ಟಿಯಾಗಿ ಕಣ್ಣು ಮುಚ್ಚಿಕೊಂಡು, "ನನ್ನ ಕಣ್ಣು ಹೆಂಗದಾವ ಹೇಳು ನೋಡೂನು" ಎಂದೆ.

ಮೊರದ ಸಪ್ಪಳ ನಿಲ್ಲಲಿಲ್ಲ. "ಬಲಗಣ್ಣಿಗಿಂತ ಎಡಗಣ್ಣು ಒಂದೀಟು ಸಣ್ಣದು. ಮಂದಿ ಫೋಟೋ ನೋಡೂ ಮುಂದ ಅದು ಇನ್ನಾ ಸಣ್ಣದಾಕ್ಕೈತಿ. ಕಪ್ಪು ಬೊಟ್ಟಿನ ಬಾಜೂಕ ಒಂದು ಸಾಸಿವಿಯಷ್ಟು ಮಚ್ಚಿ ಐತಿ. ಮತ್ತೇನು ಹೇಳ್ಲಿ?"

ನನಗೆ ಆಶ್ಚರ್ಯವಾಯಿತು. "ಇಷ್ಟೆಲ್ಲಾ ಯಾವಾಗ ನೋಡ್ದಿ?"

"ನೀವು ಫೋಟೋ ಹಿಡಕೊಂಡು ಕಿಟಕಿ ಕಡೆ ನಿಂತಾಗರಿ. ಆವಾಗ ನೀವು ನನ್ನ ಕಡೆ ನೋಡಂಗಿಲ್ಲಲ್ಲ, ನನಗ ಪುರಸೊತ್ತು ಸಿಗತೈತಿ. ಈಗ ಕಣ್ಣು ತಗೀಬ್ಯಾಡ್ರಿ, ನನ್ನವು ಹೆಂಗದಾವ ನೀವು ಹೇಳ್ರಿ."

ನಾನು ಕಣ್ಣು ಮುಚ್ಚಿಕೊಂಡೇ ಕುಳಿತೆ. ಮೊರದ ಸಪ್ಪಳ ನಿಂತಿತು. ಅವಳು ಕಾಯುತ್ತಿದ್ದಳು. ನನ್ನ ಉತ್ತರ ಏನಾಗಿತ್ತೆಂದು ಇಲ್ಲಿ ಬರೆಯುವುದಿಲ್ಲ. ಅದನ್ನು ಕೇಳಿ ಅವಳು ನಕ್ಕಳು ಎಂದಷ್ಟೇ ಹೇಳುತ್ತೇನೆ.

ಮುಂದಿನ ಸಂತೆಗೆ ವಿರುಪಣ್ಣ ಬಂದಾಗ ಅವನನ್ನು ನಮ್ಮ ಮನೆಯ ಮುಂದೆಯೇ ನಿಲ್ಲಿಸಿ ಎರಡು ಕುರ್ಚಿ ಹಾಕಿ, ಶಾರದೆಯನ್ನು ಪಕ್ಕದಲ್ಲಿ ಕೂಡಿಸಿಕೊಂಡು ಕುಳಿತೆ. ಸರಿಯಾಗಿ ಮಧ್ಯಾಹ್ನ, ಸೂರ್ಯ ನೆತ್ತಿಯ ಮೇಲಿದ್ದ. ವಿರುಪಣ್ಣ ಕರಿಬಟ್ಟೆಯಿಂದ ತಲೆ ಹೊರಗೆ ತೆಗೆದು, "ಮಾಸ್ತರ್ರ, ಬಿಸಿಲು ಇಳೀಲೇನ್ರಿ?" ಎಂದು ಕೇಳಿದ. ನಾನು ಕಲಿಸಿದ ಪಾಠ ಅವನಿಗೆ ನೆನಪಿತ್ತು. ಎದುರು ಬಾಗಿಲಲ್ಲಿ ನೀಲಮ್ಮ ನಿಂತಿದ್ದಳು. ನಾನು ಭೂಗೋಳವನ್ನು ತೊಡೆಯ ಮೇಲಿಟ್ಟುಕೊಂಡು, "ತಗಿಯೋ ಮಾರಾಯಾ" ಎಂದೆ.

ಆ ಫೋಟೋ ಈಗಲೂ ನಮ್ಮ ಪಡಸಾಲೆಯಲ್ಲಿದೆ. ತಲೆಯ ಮೇಲೆ ಬೇಕಾದಷ್ಟು ಆಕಾಶವಿದೆ. ನಮ್ಮಿಬ್ಬರ ಕಣ್ಣಿನ ಜಾಗದಲ್ಲಿ ನಾಲ್ಕು ಕುಣಿಗಳಿವೆ. ನೋಡಿದವರೆಲ್ಲ ಒಂದು ಕ್ಷಣ ತಡೆದು, "ಚಲೋ ಅದ, ಆದ್ರ ಬಿಸಿಲು ಇಳದ ಮ್ಯಾಲ ತಗಸಬೇಕಿತ್ರಿ" ಎನ್ನುತ್ತಾರೆ. ಅವರ ಮಾತು ನೂರಕ್ಕೆ ನೂರು ಸರಿ. ಹೌದೆಂದು ತಲೆಯಾಡಿಸಿ, ಗೋಡೆಯ ಮೇಲಿನದನ್ನು ಬಿಟ್ಟು, ಒಳಗಿನಿಂದ ಚಹಾ ತರುತ್ತಿರುವವಳ ಕಡೆ ನೋಡುತ್ತೇನೆ.